ಮೇಜು ಬಂತು, ಭಾಷೆ ಬರಲಿಲ್ಲ

ಈಚೆಗೆ ಬೆಳ್ತಂಗಡಿ ತಾಲೂಕಿನಲ್ಲಿ ನಡೆದ ನಮ್ಮ ಅಧ್ಯಯನ ಶಿಬಿರದಲ್ಲಿ ಒಬ್ಬ ತರುಣ ಸಂಗಾತಿ ಎದ್ದು ನಿಂತು ಒಂದು ಪ್ರಶ್ನೆ ಹಾಕಿದನು. "ಮಾಸ್ಟ್ರೇ, ಪೋರ್ಚುಗೀಸರು ಬ್ರೆಜಿಲಿಗೂ ಹೋದರು, ನಮ್ಮ ಮಂಗಳೂರಿಗೂ ಬಂದರು. ಅಲ್ಲಿ ಇಪ್ಪತ್ತು ಕೋಟಿ ಜನ ಇವತ್ತಿಗೂ ಪೋರ್ಚುಗೀಸ್ ಮಾತಾಡುತ್ತಾರೆ. ಇಲ್ಲಿ ಒಬ್ಬನೂ ಮಾತಾಡುವುದಿಲ್ಲ. ಯಾಕೆ?"

ನಾವು ಉತ್ತರ ಕೊಡುವ ಮೊದಲೇ ಹಿಂದಿನ ಸಾಲಿನಿಂದ ಯಾರೋ ಕೂಗಿ ಹೇಳಿದರು: "ನಮ್ಮ ತುಳುನಾಡಿನ ಗಂಡೆದೆ! ಅಬ್ಬಕ್ಕ ರಾಣಿ ಹುಟ್ಟಿದ ನೆಲ ಇದು!" ಜೋರಾಗಿ ಚಪ್ಪಾಳೆ ಬಿತ್ತು. ನಾವು ಚಪ್ಪಾಳೆ ತಟ್ಟಲಿಲ್ಲ. ಅಬ್ಬಕ್ಕನಲ್ಲಿ ನಮಗೆ ಗೌರವವಿಲ್ಲವೆಂದಲ್ಲ. ಆ ಉತ್ತರ ಕೇಳಲಿಕ್ಕೆ ಹಿತವಾಗಿದೆ, ಆದರೆ ಸತ್ಯವಾಗಿಲ್ಲ. ಮೆಕ್ಸಿಕೋದವರು, ಪೆರುವಿನವರು ಹೇಡಿಗಳಾಗಿದ್ದುದರಿಂದ ತಮ್ಮ ಭಾಷೆ ಕಳೆದುಕೊಂಡರೆಂದು ಹೇಳುವ ಧೈರ್ಯ ನಮಗಿಲ್ಲ. ಅವರು ಕಾದಿದರು, ಕೋಟಿಗಟ್ಟಲೆ ಸತ್ತರು. ಹುಡುಗನ ಪ್ರಶ್ನೆ ಚಪ್ಪಾಳೆಯಲ್ಲಿ ಮುಳುಗಿಹೋಗಬಾರದೆಂದು ಇದನ್ನು ಬರೆಯುತ್ತಿದ್ದೇವೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಂದು ಸುಮಾರು ಐವತ್ತು ಕೋಟಿ ಜನರ ಮನೆಮಾತಾಗಿರುವ ಸ್ಪ್ಯಾನಿಷ್ ಭಾಷೆ ಸ್ಪೇನ್ ದೇಶದ ಮಣ್ಣಿನಲ್ಲಿ ಹುಟ್ಟಿದ್ದೇ ಅಲ್ಲ. ಅದು ಅಲ್ಲಿಗೂ ಪರದೇಶಿಯೇ. ಕ್ರಿಸ್ತಪೂರ್ವ 218ರಲ್ಲಿ ರೋಮಿನ ದಂಡು ಆ ನೆಲದಲ್ಲಿ ಇಳಿಯಿತು. ಇಡೀ ದೇಶವನ್ನು ಬಗ್ಗಿಸಲು ಅದಕ್ಕೆ ಇನ್ನೂರು ವರ್ಷ ಬೇಕಾಯಿತು. ಅಲ್ಲಿ ಮೊದಲಿದ್ದ ಭಾಷೆಗಳೆಲ್ಲ ಒಂದೊಂದಾಗಿ ಅಡಗಿ, ಗುಡ್ಡಗಾಡಿನ ಬಾಸ್ಕ್ ಭಾಷೆಯೊಂದು ಮಾತ್ರ ಇಂದಿಗೂ ಬದುಕಿ ಉಳಿದಿದೆ. ಬಂದ ಲ್ಯಾಟಿನ್ ಕೂಡ ಪಂಡಿತರ ಲ್ಯಾಟಿನ್ ಅಲ್ಲ. ಸಿಪಾಯಿಗಳು, ಗಾಡಿಯವರು, ದಂಡಿನ ಹಿಂದೆ ಬಂದ ವ್ಯಾಪಾರಿಗಳು ಆಡುವ ಲ್ಯಾಟಿನ್. ಪುಸ್ತಕದ ಲ್ಯಾಟಿನಿನಲ್ಲಿ ಕುದುರೆಗೆ ಎಕ್ವುಸ್ ಎಂದು ಹೆಸರು. ಸಿಪಾಯಿಯ ಬಾಯಲ್ಲಿ ಅದು ಕಬಲ್ಲುಸ್, ಅಂದರೆ ಹೊರೆ ಹೊರುವ ತಟ್ಟು. ಇಂದಿನ ಸ್ಪ್ಯಾನಿಷಿನಲ್ಲಿ ಕುದುರೆ ಎಂದರೆ ಕಬಾಯೊ, ಪೋರ್ಚುಗೀಸಿನಲ್ಲಿ ಕವಾಲು. ಮಹಾಕವಿಯ ಕುದುರೆ ಸತ್ತಿತು, ಸಿಪಾಯಿಯ ತಟ್ಟು ಉಳಿಯಿತು.

ಇದರಲ್ಲಿ ನಮಗೆ ಅಪರಿಚಿತವಾದುದು ಏನೂ ಇಲ್ಲ. ಮೂಡುಬಿದಿರೆಯ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲಗಳೆಂಬ ತಾಳೆಯೋಲೆಯ ಗ್ರಂಥಗಳುಂಟು. ಅವುಗಳ ಭಾಷೆ ಪ್ರಾಕೃತ, ಬರೆದಿರುವುದು ಹಳೆಯ ಕನ್ನಡ ಲಿಪಿಯಲ್ಲಿ. ಪ್ರಾಕೃತವೆಂದರೆ ಒಂದು ಕಾಲದಲ್ಲಿ ಉತ್ತರದ ಜನಸಾಮಾನ್ಯರ ಮಾತು. ಪಂಡಿತರ ಸಂಸ್ಕೃತ ಬೇಡ, ಜನರಿಗೆ ಜನರ ಮಾತಿನಲ್ಲಿಯೇ ಹೇಳೋಣವೆಂದು ಜೈನರು ಅದನ್ನು ಹಿಡಿದರು. ಆದರೆ ಕಾಲ ಉರುಳಿತು. ಜನರ ಬಾಯಲ್ಲಿ ಪ್ರಾಕೃತ ಮರಾಠಿಯಾಯಿತು, ಕೊಂಕಣಿಯಾಯಿತು, ಹಿಂದಿಯಾಯಿತು. ಓಲೆಯ ಮೇಲಿನ ಪ್ರಾಕೃತ ಮಾತ್ರ ಪೆಟ್ಟಿಗೆಯೊಳಗೆ ಕುಳಿತು ದರ್ಶನದ ವಸ್ತುವಾಯಿತು. ಬಹುಕಾಲ ಯಾತ್ರಿಕರು ಕೈಮುಗಿದು ಹೋಗುತ್ತಿದ್ದರು, ಓದುವವರಿರಲಿಲ್ಲ. ನಕಲು ತೆಗೆಯುವ ಕೆಲಸ ವರ್ಷಗಟ್ಟಲೆ ನಡೆದು, 1939ರಲ್ಲಿ ಧವಲದ ಮೊದಲ ಸಂಪುಟ ಅಚ್ಚಾಗಿ ಹೊರಬಂತು. ಲ್ಯಾಟಿನಿನ ಕಥೆಯೂ ಇದೇ. ಒಂದೆಡೆ ಅದು ಇಗರ್ಜಿಯ ಪೀಠದ ಮೇಲೆ ಕುಳಿತಿತು. ಇನ್ನೊಂದೆಡೆ ಸಂತೆಯಲ್ಲಿ ನಡೆಯುತ್ತ ನಡೆಯುತ್ತ ಸ್ಪ್ಯಾನಿಷ್, ಪೋರ್ಚುಗೀಸ್, ಫ್ರೆಂಚ್, ಇಟಾಲಿಯನ್ ಆಯಿತು.

ಭಾಷೆ ಹೀಗೆ ನಡೆಯುವಾಗ ಅದರ ಕಾಲುಗಳು ಯಾವ ಕ್ರಮದಲ್ಲಿ ಬೀಳುತ್ತವೆಂಬುದನ್ನು ನೋಡಿದರೆ ಸೋಜಿಗವಾಗುತ್ತದೆ. ನಾವು ಶಾಲೆಯಲ್ಲಿದ್ದಾಗ ಮಕ್ಕಳಿಗೆ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆವು. ತುಳುವಿನಲ್ಲಿ ಪೂ, ಕನ್ನಡದಲ್ಲಿ ಹೂ. ತುಳುವಿನಲ್ಲಿ ಪಿಲಿ, ಕನ್ನಡದಲ್ಲಿ ಹುಲಿ. ಪತ್ತ್ ಎಂದರೆ ಹತ್ತು, ಪುದರ್ ಎಂದರೆ ಹೆಸರು. ತುಳು ಪಕಾರವನ್ನು ಬಿಡದೆ ಹಿಡಿದುಕೊಂಡಿದೆ. ಕನ್ನಡ ಸುಮಾರು ಸಾವಿರ ವರ್ಷದ ಹಿಂದಿನಿಂದ ಅದನ್ನು ಹಕಾರ ಮಾಡುತ್ತ ಬಂತು. ಮೈಸೂರು ಕಡೆಯ ಹಳ್ಳಿಗಳಲ್ಲಿ ಆ ಹಕಾರವೂ ಹಾರಿಹೋಗಿ ಹಾಲು ಆಲಾಗಿದೆ. ಸ್ಪೇನಿನಲ್ಲಿ ನಡೆದುದೂ ಇದರ ತದ್ರೂಪು. ಲ್ಯಾಟಿನಿನಲ್ಲಿ ಹಿಟ್ಟಿಗೆ ಫರೀನಾ ಎಂದಿತ್ತು, ಕಬ್ಬಿಣಕ್ಕೆ ಫೆರ್ರುಂ. ಪೋರ್ಚುಗೀಸ್ ಭಾಷೆ ನಮ್ಮ ತುಳುವಿನ ಹಾಗೆ ಮೊದಲಿನ ಅಕ್ಷರವನ್ನು ಬಿಡದೆ ಫರೀನ್ಯ, ಫೆರ್ರು ಎಂದಿತು. ಸ್ಪ್ಯಾನಿಷ್ ಕನ್ನಡದ ಹಾಗೆ ಫಕಾರವನ್ನು ಹಕಾರ ಮಾಡಿ, ಬಳಿಕ ಮೈಸೂರು ಹಳ್ಳಿಯವರ ಹಾಗೆ ಅದನ್ನೂ ನುಂಗಿ ಅರೀನಾ, ಯೆರ್ರೊ ಎನ್ನುತ್ತದೆ. ಬರೆಯುವಾಗ ಹಕಾರ ಉಂಟು, ಬಾಯಲ್ಲಿ ಇಲ್ಲ. ತುಳುವನ್ನು ಕನ್ನಡದ ಅಪಭ್ರಂಶವೆಂದು ಸಭೆಗಳಲ್ಲಿ ಹೇಳುವ ಮಹನೀಯರು ಈಗಲೂ ಇದ್ದಾರೆ. ಪೋರ್ಚುಗೀಸನ್ನು ಸ್ಪ್ಯಾನಿಷಿನ ಅಪಭ್ರಂಶವೆಂದು ಲಿಸ್ಬನ್ ಪಟ್ಟಣದಲ್ಲಿ ನಿಂತು ಅವರು ಹೇಳಿ ನೋಡಲಿ. ಅವೆರಡೂ ಒಂದು ತಾಯಿಯ ಮಕ್ಕಳು, ಹಾಗೆಯೇ ಇವೆರಡೂ. ಅಕ್ಕನ ಮನೆ ದೊಡ್ಡದಾಯಿತೆಂದು ತಂಗಿ ಅವಳ ಮಗಳಾಗುವುದಿಲ್ಲ.

ಕ್ರಿಸ್ತಶಕ 711ರಲ್ಲಿ ಅರಬರು ಸ್ಪೇನಿಗೆ ಬಂದುದು, ಏಳೆಂಟು ನೂರು ವರ್ಷ ಅಲ್ಲಿ ಬಾಳಿ ತೋಟ, ನೀರು, ಲೆಕ್ಕಾಚಾರಗಳ ಮಾತುಗಳನ್ನು ಅಲ್ಲಿ ಬಿತ್ತಿದುದು ಬೇರೆಯೇ ಒಂದು ಲೇಖನಕ್ಕಾಗುವ ವಿಷಯ. ನಮ್ಮ ಶರ್ಕರೆಯೇ ಪಾರಸಿ, ಅರಬ್ಬಿ ಬಾಯಿಗಳನ್ನು ದಾಟಿ ಅಲ್ಲಿ ಅಸೂಕರ್ ಆಗಿದೆಯೆಂದು ಮಾತ್ರ ಹೇಳಿ ಮುಂದೆ ಹೋಗುತ್ತೇವೆ.

1492ನೆಯ ಇಸವಿಯನ್ನು ಕೊಲಂಬಸನ ವರ್ಷವೆಂದು ಶಾಲಾಪುಸ್ತಕಗಳು ಬಾಯಿಪಾಠ ಮಾಡಿಸುತ್ತವೆ. ಅದೇ ವರ್ಷ ಸ್ಪೇನಿನಲ್ಲಿ ಇನ್ನೂ ಮೂರು ಕೆಲಸ ನಡೆದುವು. ಅರಬರ ಕೊನೆಯ ರಾಜ್ಯವಾದ ಗ್ರನಾಡಾ ಬಿತ್ತು. ಯೆಹೂದ್ಯರನ್ನು ದೇಶದಿಂದ ಹೊರಗೆ ಹಾಕಿದರು. ಆಂಟೋನಿಯೋ ದೆ ನೆಬ್ರಿಹಾ ಎಂಬ ಪಂಡಿತನು ಕ್ಯಾಸ್ಟೀಲ್ ಭಾಷೆಗೆ ಒಂದು ವ್ಯಾಕರಣ ಬರೆದು ರಾಣಿ ಇಸಬೆಲ್ಲಾಳಿಗೆ ಅರ್ಪಿಸಿದನು. ಸಾಮ್ರಾಜ್ಯವೂ ಭಾಷೆಯೂ ಜತೆಗಾರರು, ಗೆದ್ದ ಜನಕ್ಕೆ ಗೆದ್ದವರ ಕಾನೂನನ್ನೂ ಭಾಷೆಯನ್ನೂ ಕಲಿಸಲು ಈ ಪುಸ್ತಕ ಬೇಕಾಗುತ್ತದೆ ಎಂಬ ಅಭಿಪ್ರಾಯವನ್ನು ಅವನು ಮುನ್ನುಡಿಯಲ್ಲಿಯೇ ಸಂಕೋಚವಿಲ್ಲದೆ ಬರೆದಿದ್ದನು. ಕೊಲಂಬಸನು ಆಗ ಇನ್ನೂ ದಡ ಕಂಡು ಮರಳಿರಲಿಲ್ಲ. ವ್ಯಾಕರಣ ಬರೆಯುವವರೆಲ್ಲ ನಿರುಪದ್ರವಿಗಳೆಂಬ ನಂಬಿಕೆ ನಮ್ಮಂಥ ಮಾಸ್ಟ್ರುಗಳಿಗೆ ಉಂಟು. ಅದನ್ನು ಅಂದಿಗೆ ಬಿಡಬೇಕು.

ಮುಂದಿನದು ಇನ್ನೂ ಕೇಡು. 1513ರಲ್ಲಿ ಸ್ಪೇನಿನ ಆಸ್ಥಾನದ ವಕೀಲರು ಒಂದು ಕಾಗದ ಸಿದ್ಧಪಡಿಸಿದರು. ಅದರ ಹೆಸರು ರೆಕೆರಿಮಿಯೆಂಟೊ, ನಮ್ಮ ಭಾಷೆಯಲ್ಲಿ ಹೇಳುವುದಾದರೆ ತಗಾದೆಯ ನೋಟೀಸು. ದಂಡು ಯಾವ ಊರಿಗೆ ನುಗ್ಗುವುದಿದ್ದರೂ ಮೊದಲು ಅಲ್ಲಿಯ ಜನರಿಗೆ ಇದನ್ನು ಓದಿ ಹೇಳಬೇಕು. ನಿಮ್ಮ ನೆಲವನ್ನು ಪೋಪರು ನಮ್ಮ ದೊರೆಗಳಿಗೆ ಕೊಟ್ಟಿದ್ದಾರೆ, ಒಪ್ಪಿದರೆ ಕ್ಷೇಮ, ಒಪ್ಪದಿದ್ದರೆ ಯುದ್ಧ, ನಿಮ್ಮ ಹೆಂಡಿರು ಮಕ್ಕಳು ಗುಲಾಮರು, ಆ ಪಾಪ ನಿಮ್ಮದೇ, ನಮ್ಮದಲ್ಲ ಎಂಬುದು ಅದರ ಸಾರ. ಇದನ್ನು ಓದುತ್ತಿದ್ದುದು ಸ್ಪ್ಯಾನಿಷಿನಲ್ಲಿ. ಕೇಳುವವರಿಗೆ ಒಂದಕ್ಷರ ತಿಳಿಯದು. ಕೆಲವೊಮ್ಮೆ ರಾತ್ರಿ ಊರ ಹೊರಗೆ ನಿಂತು ಓದಿದ್ದುಂಟು, ಕೆಲವೊಮ್ಮೆ ಹಡಗಿನ ಮೇಲಿಂದ ದಡದ ಕಡೆಗೆ ಓದಿದ್ದೂ ಉಂಟು. ಓದಿದ್ದಕ್ಕೆ ಸಾಕ್ಷಿ ಬರೆಯಲು ಒಬ್ಬ ಗುಮಾಸ್ತ ಜತೆಯಲ್ಲಿರುತ್ತಿದ್ದ. ಕಾಗದ ಸರಿಯಾಯಿತು, ಇನ್ನು ಕೊಲ್ಲಬಹುದು. ಅದನ್ನು ಓದಿದಾಗ ನಗಬೇಕೋ ಅಳಬೇಕೋ ತಿಳಿಯದಾಯಿತೆಂದು ಲಾಸ್ ಕಾಸಾಸ್ ಎಂಬ ಸ್ಪೇನಿನ ಪಾದ್ರಿಯೇ ನೊಂದು ಬರೆದಿದ್ದಾನೆ. ಈ ನೋಟೀಸನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಇದರ ಬಳಿಗೆ ನಾವು ಮತ್ತೆ ಬರುವವರಿದ್ದೇವೆ.

ಆದರೂ ಸ್ಪ್ಯಾನಿಷ್ ಅಲ್ಲಿ ಕೂಡಲೇ ಹರಡಲಿಲ್ಲ. ಹೆಚ್ಚಿನವರಿಗೆ ತಿಳಿಯದ ಮಾತಿದು. ಕೋರ್ಟೆಸನು 1521ರಲ್ಲಿ ಮೆಕ್ಸಿಕೋವನ್ನೂ ಪಿಸಾರೋ 1533ರಲ್ಲಿ ಪೆರುವಿನ ರಾಜಧಾನಿಯನ್ನೂ ಹಿಡಿದರು. ಸಿಡುಬು ಮೊದಲಾದ ಹೊಸ ರೋಗಗಳು ಕತ್ತಿಗಿಂತ ಹೆಚ್ಚು ಜನರನ್ನು ಕೊಂದುವು. ದ್ವೀಪಗಳಲ್ಲಿದ್ದ ತೈನೋ ಜನರ ಊರುಗಳು ಕೆಲವೇ ದಶಕಗಳಲ್ಲಿ ಬರಿದಾದುವು. ಸತ್ತವರ ಜಾಗಕ್ಕೆ ಆಫ್ರಿಕದಿಂದ ಗುಲಾಮರನ್ನು ತಂದರು. ಹತ್ತು ಭಾಷೆಯ ಜನರನ್ನು ಒಂದು ಕಬ್ಬಿನ ಗದ್ದೆಯಲ್ಲಿ ಸೇರಿಸಿ ಹೊಡೆದರೆ ಅವರು ಹೊಡೆಯುವವನ ಭಾಷೆಯನ್ನೇ ಕಲಿಯಬೇಕಾಗುತ್ತದೆ. ಬ್ರೆಜಿಲಿನ ಪೋರ್ಚುಗೀಸೂ ಹೀಗೆಯೇ ಬೇರು ಬಿಟ್ಟಿತು. ಆದರೆ ಒಳನಾಡಿನಲ್ಲಿ ನಾಹುವಾಟಲ್, ಕೆಚುವಾ, ಮಾಯಾ ಭಾಷೆಗಳು ಮುನ್ನೂರು ವರ್ಷ ಬಾಳಿದುವು. ಪಾದ್ರಿಗಳು ಅವುಗಳನ್ನೇ ಕಲಿತು ಅವುಗಳಲ್ಲೇ ಉಪದೇಶ ಮಾಡಿದರು. 1770ರಲ್ಲಿ ದೊರೆ ಮೂರನೆಯ ಕಾರ್ಲೋಸನು ಆ ಭಾಷೆಗಳು ಅಳಿಯಲಿ, ಸ್ಪ್ಯಾನಿಷ್ ಒಂದೇ ಉಳಿಯಲಿ ಎಂದು ಆಜ್ಞೆ ಹೊರಡಿಸಿದನು. ಅಷ್ಟಾದರೂ 1821ರಲ್ಲಿ ಮೆಕ್ಸಿಕೋ ಸ್ವತಂತ್ರವಾದಾಗ ಅಲ್ಲಿಯ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ತಮ್ಮ ಹಳೆಯ ಭಾಷೆಗಳನ್ನೇ ಆಡುತ್ತಿದ್ದರು. 2020ರ ಜನಗಣತಿಯಲ್ಲಿ ಅಂಥವರು ನೂರಕ್ಕೆ ಆರರಷ್ಟು.

ಹಾಗಾದರೆ ಕೊಂದವರು ಯಾರು? ಸ್ಪೇನಿನ ದೊರೆಯಲ್ಲ, ಅವನು ಹೊರಟುಹೋಗಿದ್ದನು. ಸ್ವತಂತ್ರ ಮೆಕ್ಸಿಕೋದ ಸ್ವದೇಶಿ ಧಣಿಗಳು, ಸ್ವದೇಶಿ ಮಂತ್ರಿಗಳು, ಸ್ವದೇಶಿ ಶಾಲೆಗಳು. ದೇಶ ಒಂದಾಗಬೇಕಾದರೆ ಭಾಷೆ ಒಂದಾಗಬೇಕೆಂದರು. ಕಚೇರಿ, ನ್ಯಾಯಾಲಯ, ಪಾಠಶಾಲೆಗಳಲ್ಲಿ ಸ್ಪ್ಯಾನಿಷ್ ಬಾರದವನನ್ನು ಅರೆಮನುಷ್ಯನಂತೆ ಕಂಡರು. ಮುನ್ನೂರು ವರ್ಷದಲ್ಲಿ ಚಕ್ರವರ್ತಿಗೆ ಆಗದ ಕೆಲಸವನ್ನು ನೂರು ವರ್ಷದಲ್ಲಿ ಸ್ವರಾಜ್ಯ ಮಾಡಿ ಮುಗಿಸಿತು.

ಫಿಲಿಪೈನ್ಸ್ ದ್ವೀಪಗಳು ಇದಕ್ಕೆ ಎದುರಿನ ಸಾಕ್ಷಿ. ಅಲ್ಲಿ ಸ್ಪೇನು 1565ರಿಂದ 1898ರ ತನಕ ಆಳಿತು. ಆಳಿದವರು ಕಡಿಮೆ, ನೆಲೆಸಿದವರು ಇನ್ನೂ ಕಡಿಮೆ, ಹಳ್ಳಿಗೆ ಶಾಲೆ ಬಂದುದು ತೀರ ತಡವಾಗಿ. ಜನ ಮತವನ್ನು ಸ್ವೀಕರಿಸಿದರು, ಹೆಸರುಗಳನ್ನು ಸ್ವೀಕರಿಸಿದರು, ಭಾಷೆಯನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಬಳಿಕ ಅಮೆರಿಕದವರು ಬಂದು ಊರೂರಿಗೆ ಇಂಗ್ಲಿಷ್ ಶಾಲೆ ತೆರೆದರು. ಒಂದು ತಲೆಮಾರಿನಲ್ಲಿ ಇಂಗ್ಲಿಷ್ ಕುಳಿತುಬಿಟ್ಟಿತು.

ಈಗ ನಮ್ಮ ಊರಿಗೆ ಬರೋಣ. ಪೋರ್ಚುಗೀಸರು ಮಂಗಳೂರಿನಲ್ಲಿ 1568ರಲ್ಲಿ ಕೋಟೆ ಕಟ್ಟಿದರು. ಮರುವರ್ಷ ಹೊನ್ನಾವರ, ಬಸ್ರೂರುಗಳನ್ನು ಹಿಡಿದರು. ಸಮುದ್ರದ ಮೇಲೆ ಹೋಗುವ ಹಡಗುಗಳೆಲ್ಲ ಅವರಿಂದ ಕಾರ್ತಾಸ್ ಎಂಬ ರಹದಾರಿ ಚೀಟಿ ಪಡೆಯಬೇಕೆಂದು ಕಟ್ಟು ಮಾಡಿದರು. ಚೀಟಿಯಿಲ್ಲದ ಹಡಗು ಸಿಕ್ಕರೆ ಲೂಟಿ. ಆದರೆ ಸಮುದ್ರ ಅವರದಾಯಿತೇ ಹೊರತು ಗದ್ದೆ ಅವರದಾಗಲಿಲ್ಲ. ಬಂಗಾಡಿ, ನಂದಾವರದ ಬಂಗರು, ವೇಣೂರಿನ ಅಜಿಲರು, ಪುತ್ತಿಗೆ-ಮೂಡುಬಿದಿರೆಯ ಚೌಟರು ಒಳನಾಡಿನ ಭತ್ತದ ಬಯಲುಗಳನ್ನೂ ಮೆಣಸಿನ ಬಳ್ಳಿಗಳನ್ನೂ ಹಿಡಿದು ಕುಳಿತಿದ್ದರು. ಗೋವೆಗೆ ಉಣ್ಣಲು ಅಕ್ಕಿ ಬೇಕು, ಆ ಅಕ್ಕಿ ನಮ್ಮ ಹೊಳೆಗಳಲ್ಲಿ ಇಳಿದು ಹೋಗಬೇಕು. ಉಳ್ಳಾಲದ ಅಬ್ಬಕ್ಕ ಚೌಟರ ಮನೆಯ ಹೆಣ್ಣು, ಅಳಿಯಸಂತಾನದ ಪದ್ಧತಿಯಂತೆ ಪಟ್ಟ ಪಡೆದವಳು. ಅವಳ ಬಲ ಕತ್ತಿಯಲ್ಲಿ ಮಾತ್ರ ಇರಲಿಲ್ಲ. ಕಪ್ಪ ಕೊಡುವುದಿಲ್ಲ, ನಮ್ಮ ಸರಕನ್ನು ನಮಗೆ ಬೇಕಾದಲ್ಲಿಗೆ ಕಳಿಸುತ್ತೇವೆ ಎಂದು ಹೇಳಲಿಕ್ಕೆ ಹಿಂದೆ ಸರಕು ಬೆಳೆಯುವ ನೆಲವೂ ಮುಂದೆ ದೋಣಿ ನಡೆಸುವ ಮೊಗವೀರರೂ ಬ್ಯಾರಿಗಳೂ ಇದ್ದರು. 1623ರಲ್ಲಿ ಪಿಯೆತ್ರೋ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ ಉಳ್ಳಾಲದ ರಾಣಿಯನ್ನು ಮಣೇಲಿನಲ್ಲಿ ಕಂಡನು. ಸಿಂಹಾಸನದ ಮೇಲೆ ಅಲ್ಲ, ದಾರಿಯಲ್ಲಿ, ಬರಿಗಾಲಿನಲ್ಲಿ. ಗದ್ದೆಗೆ ನೀರು ಹಾಯಿಸುವ ಕಾಲುವೆಯ ಕೆಲಸ ನೋಡಲು ಬಂದಿದ್ದಳಂತೆ. ಚಪ್ಪಾಳೆ ತಟ್ಟುವುದಾದರೆ ನಾವು ಈ ಕಾಲುವೆಗೆ ತಟ್ಟುತ್ತೇವೆ.

ಒಂದು ಮಾತನ್ನು ಮರೆಮಾಚಬಾರದು. ಎಲ್ಲ ಅರಸರೂ ಅಬ್ಬಕ್ಕನಂತಿರಲಿಲ್ಲ. ಮಂಗಳೂರಿನ ಬಂಗರಸ ವರ್ಷ ವರ್ಷ ಪೋರ್ಚುಗೀಸರಿಗೆ ಅಕ್ಕಿಯ ಕಪ್ಪ ತೆತ್ತನು. ಆ ಅಕ್ಕಿಯನ್ನು ಅವನೇನು ತಾನೇ ನಟ್ಟು ಕೊಯ್ದಿರಲಿಲ್ಲ. ಯಾರದೋ ಗದ್ದೆಯಲ್ಲಿ ಯಾರೋ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬೆಳೆದ ಅಕ್ಕಿ ಮುಡಿಕಟ್ಟಿ ಗೋವೆಗೆ ಹೋಯಿತು. ಅವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಕಡೆಗೆ 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕನು ಕರಾವಳಿಯ ಕೋಟೆಗಳಿಂದ ಪೋರ್ಚುಗೀಸರನ್ನು ಹೊರದೂಡಿದನು. ಮುಂದೆ ಒಪ್ಪಂದದ ಮೇಲೆ ವ್ಯಾಪಾರಕ್ಕೆ ಬಂದರು, ಅಷ್ಟೆ. ಭೂಮಿ ಸಿಕ್ಕದ ಕಡೆ, ಶಾಲೆ ಕಚೇರಿ ತೆರೆಯದ ಕಡೆ ಭಾಷೆ ಬೇರು ಬಿಡಲಿಲ್ಲ. ಹುಡುಗನ ಪ್ರಶ್ನೆಗೆ ನಮ್ಮ ಉತ್ತರ ಇದೇ.

ಭೂಮಿ ಸಿಕ್ಕಿದ ಕಡೆ ಏನಾಯಿತೆಂದು ನೋಡಲು ದೂರ ಹೋಗಬೇಕಾಗಿಲ್ಲ. ಗೋವೆಯಲ್ಲಿ 1684ರಲ್ಲಿ ಆಲ್ವೋರಿನ ಕೌಂಟನೆಂಬ ವೈಸರಾಯನು ಆಜ್ಞೆ ಹೊರಡಿಸಿ, ಜನ ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಆಡಬೇಕೆಂದನು. ಆ ಹಿಂದೆಯೇ ಮತವಿಚಾರಣೆಯ ಭಯ, ಹಸಿವು, ಯುದ್ಧಗಳಿಂದ ಹಿಂದೂಗಳೂ ಕ್ರೈಸ್ತರೂ ತಂಡತಂಡವಾಗಿ ತೆಂಕಣಕ್ಕೆ ಇಳಿದು ಬರುತ್ತಿದ್ದರು. ಬಂಟ್ವಾಳದ ಪೇಟೆಯಲ್ಲಿ, ಮೂಡುಬಿದಿರೆಯ ಸುತ್ತಿನಲ್ಲಿ, ಬೆಳ್ತಂಗಡಿಯ ತೋಟಗಳಲ್ಲಿ ಇಂದು ಕೊಂಕಣಿ ಆಡುವವರ ಹಿರಿಯರು ಹೀಗೆ ಬಂದವರೇ. ಹಾಗೆ ಬರುವಾಗ ಅವರು ನಾಲಗೆಯನ್ನು ಜತೆಗೆ ತಂದರು. ಗೋವೆಯಲ್ಲಿಯೂ ಕೊಂಕಣಿ ಸಾಯಲಿಲ್ಲ. 1510ರಿಂದ 1961ರ ತನಕ ನಾನೂರ ಐವತ್ತು ವರ್ಷ ಆಳಿದ ಮೇಲೂ ಅಲ್ಲಿ ಪೋರ್ಚುಗೀಸ್ ಆಡುತ್ತಿದ್ದುದು ಮೇಲಿನ ಕೆಲವು ಮನೆತನಗಳು, ಕಚೇರಿಯ ಜನ. 1946ರ ಜೂನ್ 18ರಂದು ಮಡಗಾಂವಿನಲ್ಲಿ ಲೋಹಿಯಾ ಅವರು ನಿಷೇಧ ಮುರಿದು ಸಭೆಗೆ ಬಂದಾಗ ಅಲ್ಲಿ ನೆರೆದಿದ್ದ ಸಾವಿರಾರು ಜನರ ಮನೆಮಾತು ದೊರೆಯ ಭಾಷೆಯಾಗಿರಲಿಲ್ಲ.

ಭಾಷೆ ಬರಲಿಲ್ಲ, ಸರಿ. ಮಾತುಗಳು ಮಾತ್ರ ಧಾರಾಳವಾಗಿ ಬಂದುವು. ನಮ್ಮ ಶಿಬಿರದಲ್ಲಿ ನೀರಿನ ಹೂಜಿ ಇಟ್ಟಿದ್ದ ಮೇಜು ಲ್ಯಾಟಿನಿನ ಮೆನ್ಸಾ, ಪೋರ್ಚುಗೀಸಿನ ಮೆಜ. ಅದೇ ಮೇಜು ಜಾವಾದಲ್ಲಿ ಮೇಜಾ ಆಗಿ, ಫಿಲಿಪೈನ್ಸಿನಲ್ಲಿ ಮೇಸಾ ಆಗಿ ನಾಲ್ಕು ಕಾಲೂರಿ ನಿಂತಿದೆ. ಬೀಗದ ಚಾವಿ ಅವರ ಶಾವೆ, ಲ್ಯಾಟಿನಿನ ಕ್ಲಾವಿಸ್. ಕೊಂಕಣಿಯವರ ಜನೆಲ್, ಎಲ್ಲರ ಇಗರ್ಜಿ, ಪಾದ್ರಿ ಇವೆಲ್ಲ ಆ ಹಡಗಿನಿಂದಲೇ ಇಳಿದವು. ಪಾದ್ರಿ ಎಂದರೆ ತಂದೆ. ನಮ್ಮ ಪಿತೃವಿಗೂ ಅದಕ್ಕೂ ದೂರದ ರಕ್ತಸಂಬಂಧ ಉಂಟು. ಸೆರೆಮನೆಗೆ ಹಿರಿಯರು ತುರಂಗವೆನ್ನುತ್ತಿದ್ದುದು ಅವರ ತ್ರೋಂಕು, ಅಂದರೆ ಕೈದಿಯ ಕಾಲಿಗೆ ಹಾಕುವ ಮರದ ದಿಮ್ಮಿ. ಹುಬ್ಬಳ್ಳಿ ಕಡೆಯವರು ಸಂಬಳಕ್ಕೆ ಪಗಾರವೆನ್ನುತ್ತಾರೆ. ಅದು ಪಗಾರ್ ಎಂಬ ಪೋರ್ಚುಗೀಸ್ ಮಾತು; ಅದರ ಲ್ಯಾಟಿನ್ ಮೂಲಕ್ಕೆ ಸಮಾಧಾನಪಡಿಸು, ಸುಮ್ಮನಿರಿಸು ಎಂದು ಅರ್ಥ. ಗದ್ದಲ ಮಾಡುವವನ ಬಾಯಿ ಮುಚ್ಚಿಸಲು ಕೊಡುವಂಥದು ಪಗಾರ! ಮಾಲಕರು ಈ ಅರ್ಥವನ್ನು ಇಂದಿಗೂ ಮರೆತಂತಿಲ್ಲ. ಕಲ್ಲು ಕಟ್ಟುವ ಮೇಸ್ತ್ರಿ ಪೋರ್ಚುಗೀಸಿನ ಮೆಸ್ತ್ರೆ. ಪಾಠ ಹೇಳುವ ಮಾಸ್ಟ್ರು ಇಂಗ್ಲಿಷಿನ ಮಾಸ್ಟರ್. ಎರಡರ ಅಜ್ಜ ಲ್ಯಾಟಿನಿನ ಮಗಿಸ್ತೆರ್ ಒಬ್ಬನೇ. ಒಬ್ಬ ಪೋರ್ಚುಗೀಸ್ ಹಡಗಿನಲ್ಲಿ ಬಂದ, ಇನ್ನೊಬ್ಬ ಇಂಗ್ಲಿಷರ ಹಡಗಿನಲ್ಲಿ. ಆದುದರಿಂದ ಮೇಸ್ತ್ರಿಯನ್ನು ಪಡಸಾಲೆಯ ಹೊರಗೆ ನಿಲ್ಲಿಸಿ ಮಾಸ್ಟ್ರಿಗೆ ಕುರ್ಚಿ ಹಾಕುವ ನಮ್ಮ ಪದ್ಧತಿಗೆ ವ್ಯುತ್ಪತ್ತಿಶಾಸ್ತ್ರದ ಬೆಂಬಲವಿಲ್ಲ.

ಇನ್ನೊಂದು ರಾಶಿ ಮಾತುಗಳು ಲ್ಯಾಟಿನಿನವೂ ಅಲ್ಲ. ಬಟಾಟೆ, ಪಪ್ಪಾಯಿ, ಅನಾನಾಸು, ಕಾಜು ಇವು ಅಮೆರಿಕದ ಮೂಲನಿವಾಸಿಗಳವು. ಅನಾನಾಸು ಮತ್ತು ಕಾಜು ಬ್ರೆಜಿಲಿನ ತೂಪಿ ಜನರ ಮಾತು. ನಮ್ಮ ಗುಡ್ಡಗಳಲ್ಲಿ ಅನಾದಿಯಿಂದ ಇದ್ದಂತೆ ಕಾಣುವ ಗೇರುಮರ ಪೋರ್ಚುಗೀಸರು ಅಲ್ಲಿಂದ ತಂದುದು. ಇಲ್ಲಿಂದ ಹೋದುದೂ ಕಡಿಮೆಯಿಲ್ಲ. ಬ್ರೆಜಿಲಿನವನು ಇಂದಿಗೂ ಹಲಸಿಗೆ ಜಾಕಾ ಎನ್ನುತ್ತಾನೆ. ಅದು ಮಲಯಾಳದ ಚಕ್ಕ. ಬಂಟ್ವಾಳದ ಕೃಷಿಕ ಬೆಳೆಯುವ ಅಡಕೆ ಮಲಯಾಳದ ಬಾಯಿಯಿಂದ ಅವರ ಕೈಗೆ ಬಿದ್ದು ಅರೆಕವಾಗಿ, ಜಗತ್ತಿನ ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಲ್ಯಾಟಿನ್ ಹೆಸರಾಗಿ ಕುಳಿತಿದೆ. ಮೆಣಸಿನ ಕಥೆ ಎಲ್ಲಕ್ಕಿಂತ ವಿನೋದದ್ದು. ಯಾವ ಮೆಣಸಿಗಾಗಿ ಅವರು ಅಷ್ಟು ದೂರದಿಂದ ಬಂದರೋ ಆ ಮೆಣಸಿನ ಹೆಸರನ್ನು ಅವರೇ ತಂದ ಅಮೆರಿಕದ ಕೆಂಪು ಕಾಯಿ ಕಸಿದುಕೊಂಡಿತು. ಈಗ ಮುಂಚಿ ಎಂದರೆ ತುಳುವರಿಗೆ ಅದೇ. ಮನೆಯ ಮಗ ತನ್ನ ಹೆಸರು ಕಳೆದುಕೊಂಡು ‘ಎಡ್ಡೆ ಮುಂಚಿ’, ಕನ್ನಡದಲ್ಲಿ ‘ಒಳ್ಳೆಮೆಣಸು’ ಎಂದು ಸಮಾಧಾನಪಟ್ಟುಕೊಂಡಿದ್ದಾನೆ.

ಮತ್ತೆ ತಂಬಾಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಎಷ್ಟು ಮನೆಗಳ ಜಗಲಿಯಲ್ಲಿ ಹೆಂಗಸರು ಗೆರಸೆ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟಿ ಮಕ್ಕಳನ್ನು ಸಾಕಿಲ್ಲ! ಅವರು ದಿನವೂ ಆಡುವ ಆ ಮಾತು ಕೊಲಂಬಸನ ದಂಡಿಗೆ ಮೊದಲು ಎದುರಾದ ತೈನೋ ಜನರದೆಂದು ಪಂಡಿತರು ಹೇಳುತ್ತಾರೆ. ಆ ಜನರ ಊರು ಹೋಯಿತು, ಭಾಷೆ ಹೋಯಿತು. ಅವರ ಒಂದು ಮಾತು ನಮ್ಮ ಅಕ್ಕಂದಿರ ಗೆರಸೆಯಲ್ಲಿ ಉಳಿದಿದೆ.

ಇಂಥ ಪರಕೀಯ ಪದಗಳನ್ನೆಲ್ಲ ಹೆಕ್ಕಿ ಹೊರಗೆ ಹಾಕಿ ಭಾಷೆಯನ್ನು ಶುದ್ಧಗೊಳಿಸಬೇಕೆಂದು ಹೇಳುವ ಒಂದು ಪಂಗಡ ಉಂಟು. ಅವರ ಗೊಡವೆ ನಮಗೆ ಬೇಡ. ಮೇಜು, ಚಾವಿ, ಮೇಸ್ತ್ರಿಗಳು ದುಡಿಯುವ ಜನರ ಕೈಯಲ್ಲಿ ಸವೆದು ಸವೆದು ನಮ್ಮವಾಗಿವೆ. ಬಂದ ಮಾತನ್ನು ಕೂರಿಸಿಕೊಂಡುದರಿಂದ ಯಾವ ಭಾಷೆಯೂ ಸತ್ತಿಲ್ಲ. ಕಚೇರಿಯೂ ಶಾಲೆಯೂ ಕೈಬಿಟ್ಟಾಗ ಸಾಯುತ್ತದೆ.

ನಮ್ಮದೇ ಒಂದು ತಪ್ಪನ್ನು ಇಲ್ಲಿ ಹೇಳಿಬಿಡುತ್ತೇವೆ. ನಾವು ಮಾಸ್ಟ್ರಿಕೆಯಲ್ಲಿದ್ದ ಕಾಲದಲ್ಲಿ ತರಗತಿಯಲ್ಲಿ ತುಳು ಮಾತಾಡಿದ ಮಕ್ಕಳಿಗೆ ಒಂದು ರೂಪಾಯಿ ದಂಡ ಹಾಕುವ ಕಟ್ಟಳೆ ಇತ್ತು. ದಂಡ ವಸೂಲಿ ನಮ್ಮ ಕೆಲಸ. ಹಲಗೆಯ ಮೇಲೆ ಪೂ-ಹೂ ಎಂದು ಬರೆದ ಅದೇ ಕೈ ಆ ರೂಪಾಯಿಯನ್ನು ಡಬ್ಬಿಗೆ ಹಾಕುತ್ತಿತ್ತು. ಒಂದು ದಿನ ಎ‌ರಡನೆಯ ತರಗತಿಯ ಒಬ್ಬ ಹುಡುಗ ಎದ್ದು ನಿಂತು, "ಮಾಸ್ಟ್ರೇ, ನೀರ್ ಪರೊಡು" ಎಂದನು. ಕನ್ನಡದಲ್ಲಿ ಕೇಳು ಎಂದೆವು. ಅವನಿಗೆ ಬಾಯಿ ಬರಲಿಲ್ಲ. ಗಂಟೆ ಹೊಡೆಯುವ ತನಕ ನೀರು ಕುಡಿಯದೆ ನಿಂತೇ ಇದ್ದನು. ಅವನ ತಾಯಿ ಬೀಡಿಯ ದುಡ್ಡಿನಿಂದ ಒಂದು ರೂಪಾಯಿ ಕಟ್ಟಿ ಕಳಿಸಿದ್ದಳು. ಮೂರನೆಯ ಕಾರ್ಲೋಸನು ಸ್ಪೇನಿನಲ್ಲಿ ಕುಳಿತು ಮಾಡಿದ ಆಜ್ಞೆಯನ್ನು ನಾವು ಅವನ ಹೆಸರೂ ಕೇಳದೆ ನಡೆಸುತ್ತಿದ್ದೆವು. ಕನ್ನಡದ ಹೆಸರಿನಲ್ಲಿ ನಡೆದುದರಿಂದ ಅದು ಸಾಮ್ರಾಜ್ಯಶಾಹಿಯಾಗದೆ ಉಳಿಯುವುದಿಲ್ಲ. 2011ರ ಜನಗಣತಿಯಲ್ಲಿ ತುಳು ಮನೆಮಾತೆಂದು ಬರೆಸಿದವರು 18 ಲಕ್ಷ 46 ಸಾವಿರ. ಸಂಸ್ಕೃತವೆಂದು ಬರೆಸಿದವರು 24,821. ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿ ಸಂಸ್ಕೃತಕ್ಕೆ ಜಾಗ ಉಂಟು, 1992ರಿಂದ ಕೊಂಕಣಿಗೂ ಉಂಟು, ತುಳುವಿಗೆ ಈ ತನಕ ಇಲ್ಲ.

ಈಗ ಆ ಕನ್ನಡಕ್ಕೂ ಅದೇ ಗತಿ ಬರುತ್ತಿದೆ. 2019ರಲ್ಲಿ ನಮ್ಮ ರಾಜ್ಯ ಸರಕಾರವೇ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ತಾಯ್ತಂದೆಗಳನ್ನು ನಾವು ಬೈಯುವುದಿಲ್ಲ. ಕಚೇರಿಯ ಬಾಗಿಲಿನ ಚಾವಿ ಯಾವ ಭಾಷೆಯಲ್ಲಿ ಇದೆಯೆಂದು ಬಡವನಿಗೆ ಚೆನ್ನಾಗಿ ಗೊತ್ತು. ತನ್ನ ಮಗುವಿಗೂ ಆ ಚಾವಿ ಸಿಗಲಿ ಎನ್ನುತ್ತಾನೆ. ಧಣಿಗಳ ಮಕ್ಕಳಿಗೆ ಮೊದಲೇ ಸಿಕ್ಕಿದ ಚಾವಿ ಅದು. ಬಾಗಿಲನ್ನೇ ಎಲ್ಲರಿಗೂ ತೆರೆದಿಡಿ ಎಂದು ಕೇಳುವವರು ಮಾತ್ರ ಕಡಿಮೆ.

ನೋಟೀಸಿನ ವಿಷಯ ಹೇಳುತ್ತೇವೆಂದಿದ್ದೆವು. ಬಂಟ್ವಾಳ ತಾಲೂಕಿನ ಒಂದು ಗ್ರಾಮದಲ್ಲಿ ಒಬ್ಬ ಹಿರಿಯ ಅಕ್ಕ ಮೂವತ್ತು ವರ್ಷ ಬೀಡಿ ಕಟ್ಟಿದವರು. ಕಣ್ಣು ಮಂಜಾಗಿ ಕೆಲಸ ಬಿಟ್ಟು, ತಮ್ಮ ಭವಿಷ್ಯನಿಧಿಯ ಹಣಕ್ಕೆ ಅರ್ಜಿ ಹಾಕಿದರು. ಒಂದು ಕಾಗದ ಬಂತು. ಇಂಗ್ಲಿಷಿನಲ್ಲಿತ್ತು, ಕೆಳಗೆ ಮೊಹರಿತ್ತು. ಮೊಹರು ಕಂಡು ಅಕ್ಕ ಹಣ ಮಂಜೂರಾಯಿತೆಂದೇ ನಂಬಿ, ಅದನ್ನು ಅಕ್ಕಿಯ ಡಬ್ಬಿಯೊಳಗೆ ಜೋಪಾನವಾಗಿಟ್ಟು ನಾಲ್ಕು ತಿಂಗಳು ಕಾದರು. ದೀಪ ಹಚ್ಚುವಾಗ ಒಮ್ಮೆ ಅದಕ್ಕೂ ಕೈಮುಗಿಯುತ್ತಿದ್ದರಂತೆ. ನಾವು ಹೋದಾಗ ತೆಗೆದು ತೋರಿಸಿದರು. ಅರ್ಜಿ ತಿರಸ್ಕರಿಸಲಾಗಿದೆ, ದಾಖಲೆಯಲ್ಲಿ ಹೆಸರಿನ ಅಕ್ಷರ ಹೊಂದುವುದಿಲ್ಲ, ಮೂವತ್ತು ದಿನದೊಳಗೆ ಸರಿಪಡಿಸಿರಿ ಎಂದು ಅದರಲ್ಲಿ ಬರೆದಿತ್ತು. ಅವರ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಒಂದು ಕಡೆ ಒಬ್ಬ ಗುಮಾಸ್ತ ಒಂದು ರೀತಿ, ಇನ್ನೊಂದು ಕಡೆ ಇನ್ನೊಬ್ಬ ಗುಮಾಸ್ತ ಇನ್ನೊಂದು ರೀತಿ ಬರೆದಿದ್ದರು. ಕನ್ನಡದಲ್ಲಿ ಬರೆದಿದ್ದರೆ ಆ ಹೆಸರಿಗೆ ಎರಡು ಕಾಗುಣಿತವೇ ಇಲ್ಲ. ನಾವು ಓದಿ ಅರ್ಥ ಹೇಳಿದಾಗ ಅಕ್ಕ ಸಿಟ್ಟಾಗಲಿಲ್ಲ. "ಹಾಗಾದರೆ ಇದನ್ನು ನನಗೆ ಯಾಕೆ ಕಳಿಸಿದ್ದು, ಮಗ?" ಎಂದು ಕೇಳಿದರು.

ಊರ ಹೊರಗೆ ನಿಂತು ಓದಿದ ಗುಮಾಸ್ತನೂ ಇದಕ್ಕೆ ಉತ್ತರ ಹೇಳಲಾರನು. ಕಾಗದ ಕಳಿಸಿದ್ದಾಯಿತು, ಕಡತದಲ್ಲಿ ಸಾಕ್ಷಿ ಇದೆ, ತಪ್ಪು ಇನ್ನು ಅಕ್ಕನದೇ.

ಅವರ ಪರವಾಗಿ ಕನ್ನಡದಲ್ಲಿ ಮರುಅರ್ಜಿ ಬರೆದು, ಉತ್ತರವನ್ನೂ ಕನ್ನಡದಲ್ಲಿಯೇ ಕೊಡಬೇಕೆಂದು ಕೇಳಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇವೆ. ಶಿಬಿರದಲ್ಲಿ ಪ್ರಶ್ನೆ ಹಾಕಿದ ತರುಣನಿಗೂ ಕೆಲಸ ಹಚ್ಚಿದ್ದೇವೆ. ಮನೆಮನೆಗೆ ಹೋಗಿ, ಓದಲು ಬಾರದ ಭಾಷೆಯಲ್ಲಿ ಬಂದು ಡಬ್ಬಿಗಳಲ್ಲಿ, ಮಾಡಿನ ಸಂದಿಯಲ್ಲಿ, ದೇವರ ಪಟದ ಹಿಂದೆ ಕುಳಿತಿರುವ ಕಾಗದಗಳನ್ನು ನೋಡಿ, ಪ್ರತಿಯೊಂದರಲ್ಲಿ ಏನಿದೆಯೆಂದು ಮನೆಯವರ ಭಾಷೆಯಲ್ಲಿ, ತುಳುವಾದರೆ ತುಳುವಿನಲ್ಲಿ, ಬ್ಯಾರಿಯಾದರೆ ಬ್ಯಾರಿಯಲ್ಲಿ ಹೇಳಿ, ನಕಲು ತರಬೇಕು. ಎರಡು ವಾರದಲ್ಲಿ ಒಂದು ಬಟ್ಟೆಯ ಚೀಲ ತುಂಬಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ವಾಚಕರಲ್ಲಿ ಯಾರ ಮನೆಯಲ್ಲಿ ಇಂಥ ಕಾಗದ ಇದ್ದರೂ ಸಂತೆಯ ದಿನ ನಮ್ಮ ಪಕ್ಷದ ಕಚೇರಿಗೆ ತರಬೇಕು. ಮೇಜು ಹಾಕಿ ಕುಳಿತಿರುತ್ತೇವೆ.